ಗೋರ್ಟಾದ ಮಾತು ಮತ್ತು ವ್ಯಾಕರಣದ ಕನ್ನಡ

ಕನ್ನಡ ನುಡಿಯು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆಂಬುದು ಹೊಸದಾಗಿ ಸಾಧಿಸಬೇಕಾದ ಸಂಗತಿಯಲ್ಲ. 9ನೆಯ ಶತಮಾನದ ಕವಿರಾಜಮಾರ್ಗವೇ ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡನ್ನು ಕನ್ನಡ ನಾಡೆಂದು ಗುರುತಿಸಿ, ಆ ನಾಡಿನೊಳಗಣ ದೇಸಿಗಳು ಬೇರೆ ಬೇರೆಯಾದುದರಿಂದ ಅವುಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆಂಬ ಅರ್ಥದ ಮಾತನ್ನು ಹೇಳಿದೆ. ಅದೇ ಗ್ರಂಥವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಸೀಮೆಯ ಕನ್ನಡವೇ ಕನ್ನಡದ ತಿರುಳೆಂದು ನಿರ್ಣಯಿಸಿದುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಆ ಗ್ರಂಥವು ಹುಟ್ಟಿದ ರಾಷ್ಟ್ರಕೂಟರ ಆಸ್ಥಾನವು ಮಾನ್ಯಖೇಟದಲ್ಲಿತ್ತೆಂಬುದನ್ನೂ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡವಾದ ಆ ರಾಜಧಾನಿಯು ತಿರುಳ್ಗನ್ನಡದ ಎಲ್ಲೆಯ ಹೊರಗೆ ಉಳಿಯಿತೆಂಬುದನ್ನೂ ನಾವು ಜೊತೆಗಿಟ್ಟು ನೋಡುವುದು ಅಪೂರ್ವ. ಅರಸನಿದ್ದ ಊರಿನವರೇ ಒಳ್ಳೆಯ ಕನ್ನಡಕ್ಕಾಗಿ ಬೇರೊಂದು ಊರಿನ ಕಡೆ ಬೆರಳು ತೋರಿಸಿದ್ದಾರೆ. ಅಂದಿನಿಂದ ಇಂದಿನವರೆಗೆ ಬೆರಳಿನ ದಿಕ್ಕು ಬದಲಾಗಿದೆಯೇ ಹೊರತು, ತೋರಿಸುವ ಅಭ್ಯಾಸ ನಿಂತಿಲ್ಲ.

ಅನ್ಯಭಾಷಿಕರಿಗೆ ಕನ್ನಡ ಕಲಿಸಲೆಂದು, ಅಥವಾ ಕನ್ನಡದ ಆಡುನುಡಿಯನ್ನು ವಿವರಿಸಲೆಂದು ರಚಿತವಾದ ಕೆಲವು ಗ್ರಂಥಗಳನ್ನು ಬೀದರ ಜಿಲ್ಲೆಯ ಒಂದು ಹಳ್ಳಿಯ ಮಾತಿನ ಮುಂದಿಟ್ಟು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ನಾನು ಭಾಷಾಶಾಸ್ತ್ರಜ್ಞನಲ್ಲ, ಇತಿಹಾಸವನ್ನು ಬೋಧಿಸುವವನು. ಭಾಷೆಯ ಗೋಜಿಗೆ ನಾನು ಬಿದ್ದುದು ಒಂದು ತಪ್ಪಿನ ಮೂಲಕ; ಮೊದಲು ಅದನ್ನು ಒಪ್ಪಿಕೊಳ್ಳುವುದು ನ್ಯಾಯ.

ಬಸವಕಲ್ಯಾಣದ ಸಮೀಪದ ಗೋರ್ಟಾ (ಬಿ) ಗ್ರಾಮದ ಹೆಸರನ್ನು ಹೈದರಾಬಾದು ವಿಮೋಚನೆಯ ಚರಿತ್ರೆಯನ್ನು ಓದಿದವರು ಮರೆಯಲಾರರು. 1948ರ ಮೇ ತಿಂಗಳಿನಲ್ಲಿ ರಜಾಕಾರರು ಆ ಊರಿನ ಮೇಲೆ ನಡೆಸಿದ ದಾಳಿಯಲ್ಲಿ ಸುಮಾರು 200 ಮಂದಿ ಹತರಾದರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆ ಕಾಲವನ್ನು ಕಣ್ಣಾರೆ ಕಂಡವರು ಇನ್ನೂ ಕೆಲವರು ಬದುಕಿದ್ದಾಗ, ಅವರ ಮಾತನ್ನು ಧ್ವನಿಮುದ್ರಿಸಿ ಬರೆದಿಡಬೇಕೆಂಬ ಉತ್ಸಾಹದಿಂದ, ಈ ಜಿಲ್ಲೆಗೆ ಉಪನ್ಯಾಸಕನಾಗಿ ಬಂದ ಮೊದಲ ವರ್ಷವೇ ನಾನು ಅಲ್ಲಿಗೆ ಹೋದೆ. ನಾನು ಹಾಸನದ ಸೀಮೆಯವನು. ಕನ್ನಡ ನನ್ನ ತಾಯಿನುಡಿಯಾದುದರಿಂದ, ಕನ್ನಡಿಗರ ಊರಿಗೆ ಹೋಗುವಾಗ ಭಾಷೆಯ ಸಿದ್ಧತೆ ಬೇಕೆಂದು ನನಗೆ ತೋರಲೇ ಇಲ್ಲ.

ವೃದ್ಧರೊಬ್ಬರು ಮೂರು ಗಂಟೆಗಳ ಕಾಲ ಮಾತನಾಡಿದರು. ಮಧ್ಯದಲ್ಲಿ ಒಂದು ಕಡೆ, ಒಂದು ಓಣಿಯನ್ನು ಕುರಿತು ಹೇಳುತ್ತ, 'ಮನಿ ಸುಟ್ಟಾರ್ರಿ' ಎಂದರು. ನಾನು ಮನೆಗೆ ಬಂದು ಅದನ್ನು 'ಮನೆಗಳನ್ನು ಸುಟ್ಟಾರು ಎಂಬ ಭಯವಿತ್ತು' ಎಂದು ಬರೆದುಕೊಂಡೆ. ದಕ್ಷಿಣದ ಓದುಗರಿಗೆ ಇದರಲ್ಲಿ ದೋಷವೇ ಕಾಣಿಸದು. 'ಬಂದಾನು', 'ಸುಟ್ಟಾರು' ಎಂಬ ರೂಪಗಳನ್ನು ನಮ್ಮ ಶಾಲೆಯ ವ್ಯಾಕರಣಗಳು ಸಂಭಾವನಾರ್ಥಕವೆಂದು ಕಲಿಸಿವೆ. ಬರಬಹುದು, ಸುಡಬಹುದು ಎಂದು ಅವುಗಳ ಅರ್ಥ. ಆದರೆ ಗೋರ್ಟಾದಲ್ಲಿ, ಬೀದರ ಕಲಬುರಗಿಗಳಲ್ಲಿ, ಉತ್ತರ ಕರ್ನಾಟಕದ ಬಹುಭಾಗದಲ್ಲಿಯೂ 'ಬಂದಾನ' ಎಂದರೆ ಬಂದಿದ್ದಾನೆ; 'ಮಾಡ್ಯಾರ' ಎಂದರೆ ಮಾಡಿದ್ದಾರೆ; 'ಸುಟ್ಟಾರ' ಎಂದರೆ ಸುಟ್ಟಿದ್ದಾರೆ. ಕೊನೆಯ ಸ್ವರವೊಂದೇ ಇವೆರಡನ್ನೂ ಬೇರ್ಪಡಿಸುವ ಗುರುತು. ಗೌರವಸೂಚಕವಾದ 'ರಿ' ಬಂದು ಸೇರಿದೊಡನೆ ಆ ಸ್ವರವೂ ಲೋಪವಾಗುತ್ತದೆ. ಹೀಗೆ ಆ ಹಿರಿಯರು ಪರಊರಿನ ಮಾಸ್ತರನಿಗೆ ತೋರಿಸಿದ ಮರ್ಯಾದೆಯೇ ನನ್ನ ಕಿವಿಗೆ ಉಳಿದಿದ್ದ ಏಕೈಕ ಸುಳಿವನ್ನು ಅಳಿಸಿಹಾಕಿತು. ನಡೆದುಹೋದ ಕೃತ್ಯವೊಂದು ನನ್ನ ಬರಹದಲ್ಲಿ ಬರಿಯ ಭಯವಾಗಿ ಉಳಿಯಿತು. ಎಂಟು ತಿಂಗಳ ಮೇಲೆ ಅದೇ ಊರಿನ ಒಬ್ಬ ಯುವಕ ನನ್ನ ಹಸ್ತಪ್ರತಿಯನ್ನು ಓದಿ, 'ಮುತ್ಯಾ ಹಿಂಗಂದಿಲ್ರಿ ಸರ್' ಎಂದು ತಿದ್ದಿದ.

'ಮುತ್ಯಾ' ಎಂಬ ಮಾತೂ ನನ್ನನ್ನು ಒಮ್ಮೆ ಎಡವಿಸಿದೆ. ಈ ಸೀಮೆಯಲ್ಲಿ ಮುತ್ಯಾ ಎಂದರೆ ತಾತ, ಅಜ್ಜ. ನಮ್ಮ ಕಡೆಯ ಮುತ್ತಾತ, ಮುತ್ತಜ್ಜಗಳ ನೆನಪಿನಿಂದ ನಾನು ಅದನ್ನು ಅಜ್ಜನ ತಂದೆಯೆಂದು ತಿಳಿದು, ಒಂದು ಮನೆತನದ ವಂಶಾವಳಿಯಲ್ಲಿ ಇಲ್ಲದ ತಲೆಮಾರೊಂದನ್ನು ಸೇರಿಸಿಬಿಟ್ಟಿದ್ದೆ. ಜಮೀನಿನ ಕಾಗದವೊಂದರಲ್ಲಿದ್ದ ಫಸಲಿ ವರ್ಷಕ್ಕೂ ಆ ವಂಶಾವಳಿಗೂ ಹೊಂದಿಕೆಯಾಗದೆ, ಕಾಗದವೇ ಸುಳ್ಳಿರಬೇಕೆಂದು ಸಂಶಯಪಟ್ಟೆ. ಕಾಗದ ಸರಿಯಾಗಿಯೇ ಇತ್ತು. 'ಆಯಿ' ಎಂಬುದು ಇನ್ನೂ ತೊಡಕಿನದು: ಕನ್ನಡದ ಮನೆಗಳಲ್ಲಿ ಅಜ್ಜಿಗೂ, ಮರಾಠಿ ಮನೆಗಳಲ್ಲಿ ತಾಯಿಗೂ ಆ ಹೆಸರುಂಟು, ಎರಡೂ ಮನೆಗಳು ಒಂದೇ ಓಣಿಯಲ್ಲಿರುತ್ತವೆ.

ಈಗ ಗ್ರಂಥಗಳ ವಿಚಾರ. ಇಂಥ ಎಡವಟ್ಟಿನಿಂದ ಪಾರಾಗಲು ಒಬ್ಬ ಹೊರಗಿನವನಿಗೆ ಯಾವ ಪುಸ್ತಕ ನೆರವಾಗುತ್ತಿತ್ತು?

ಕಿಟೆಲರ 1903ರ ವ್ಯಾಕರಣವು ಕನ್ನಡದ ಮೂರು ಪ್ರಭೇದಗಳನ್ನು ಒಳಗೊಂಡಿದೆಯೆಂದು ತನ್ನ ಹೆಸರಿನಲ್ಲಿಯೇ ಸಾರುತ್ತದೆ. ಆ ಮೂರು ಯಾವುವೆಂದು ನೋಡಿದರೆ ಹಳಗನ್ನಡ, ನಡುಗನ್ನಡ, ಹೊಸಗನ್ನಡ. ಅಂದರೆ ಭೇದವೆಂಬುದು ಕಾಲದಲ್ಲಿ ಮಾತ್ರ ಉಂಟು, ದೇಶದಲ್ಲಿ ಇಲ್ಲವೆಂಬಂತೆ. ಆ ಮಹಾವಿದ್ವಾಂಸರಿಗೆ ಪ್ರಾಂತಭೇದ ತಿಳಿಯದಿತ್ತೆಂದು ಹೇಳುವುದು ಅನ್ಯಾಯವಾದೀತು. 1894ರ ಅವರ ನಿಘಂಟು ಅನೇಕ ಶಬ್ದಗಳ ಮುಂದೆ ಮೈಸೂರು ಸೀಮೆಯದು, ದಕ್ಷಿಣ ಮರಾಠಾ ಸೀಮೆಯದು ಎಂದು ಗುರುತು ಹಾಕಿದೆ. ಶಬ್ದಕ್ಕೆ ಸೀಮೆಯುಂಟು, ವ್ಯಾಕರಣಕ್ಕೆ ಇಲ್ಲ ಎಂಬ ಈ ನಿಲುವು ಮುಂದಿನವರಿಗೂ ಬಳುವಳಿಯಾಗಿ ಬಂದಿತು. ಹೆರಲ್ಡ್ ಸ್ಪೆನ್ಸರ್ ಅವರು 1914ರಲ್ಲಿ ಪ್ರಕಟಿಸಿದ, 1950ರಲ್ಲಿ ಪರಿಷ್ಕೃತವಾದ ಕಲಿಕೆಯ ವ್ಯಾಕರಣವು ಅಭ್ಯಾಸಪಾಠಗಳ ದೃಷ್ಟಿಯಿಂದ ಇಂದಿಗೂ ಮೆಚ್ಚತಕ್ಕದ್ದು. ಆದರೆ ಅದು ಮೈಸೂರಿನ ಮಿಶನರಿಗಳ ಪುಸ್ತಕ, ಮೈಸೂರಿನ ಬರವಣಿಗೆಯ ಕನ್ನಡ. ಅದನ್ನು ಕಂಠಪಾಠ ಮಾಡಿಕೊಂಡು ಗೋರ್ಟಾಕ್ಕೆ ಬಂದವನು ನನ್ನಂತೆಯೇ 'ಸುಟ್ಟಾರು' ಎಂದು ಬರೆಯುತ್ತಿದ್ದ.

ಗ್ರಿಯರ್ಸನ್ನರ ಭಾಷಾ ಸಮೀಕ್ಷೆಯ ಮಾತಂತೂ ಬೇಡ. ಅದರ 4ನೆಯ ಸಂಪುಟವು 1906ರಲ್ಲಿ ಹೊರಬಂದಾಗ ಹೈದರಾಬಾದು ಸಂಸ್ಥಾನವೂ ಮೈಸೂರು ಸಂಸ್ಥಾನವೂ ಸಮೀಕ್ಷೆಯ ವ್ಯಾಪ್ತಿಯಲ್ಲಿಯೇ ಇರಲಿಲ್ಲ. ಮೈಸೂರಿಗೆ ಇದರಿಂದ ನಷ್ಟವಾಗಲಿಲ್ಲ, ಅದಕ್ಕೆ ಮುದ್ರಣಾಲಯವಿತ್ತು, ವಿದ್ವಾಂಸರಿದ್ದರು. ಬೀದರಿಗೆ ಎರಡೂ ಇರಲಿಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಫಾರ್ಸಿಯ ಸ್ಥಾನಕ್ಕೆ ಬಂದ ಉರ್ದುವೇ ಅಲ್ಲಿ ಕಚೇರಿಯ ಭಾಷೆ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯ ಭಾಷೆಯೂ ಅದೇ. ಕನ್ನಡವು ಹೊಲದಲ್ಲಿ, ಅಡುಗೆಮನೆಯಲ್ಲಿ, ಮಠದಲ್ಲಿ ಬದುಕಿಕೊಂಡಿತು.

ಸ್ವಾತಂತ್ರ್ಯಾನಂತರ ಭಾಷಾವಿಜ್ಞಾನವು ನಮ್ಮಲ್ಲಿ ಬೇರೂರಿದಾಗ ಪರಿಸ್ಥಿತಿ ಸುಧಾರಿಸಿತೆನ್ನಬೇಕು. ಪುಣೆಯ ಡೆಕ್ಕನ್ ಕಾಲೇಜು 1958ರಲ್ಲಿ ಪ್ರಕಟಿಸಿದ ವಿಲಿಯಂ ಬ್ರೈಟ್ ಅವರ ಗ್ರಂಥವು ಆಡುನುಡಿಯನ್ನೇ ನೇರವಾಗಿ ವಿವರಿಸಿ ದೊಡ್ಡ ಉಪಕಾರ ಮಾಡಿತು. ಆದರೆ 'ಆಡುಗನ್ನಡ' ಎಂಬ ಅದರ ವಿಶಾಲವಾದ ಹೆಸರಿನ ಕೆಳಗೆ ದೊರೆಯುವುದು ಬೆಂಗಳೂರಿನ ಆಡುಗನ್ನಡ. ಧಾರವಾಡದ ಸೀಮೆಯಲ್ಲಿ ಸಂಶೋಧನೆ ನಡೆಸಿದ ಮೆಕಾರ್ಮ್ಯಾಕ್ ಅವರು 1966ರಲ್ಲಿ ಹೊರತಂದ ಪುಸ್ತಕವು ಹೆಸರಿನಲ್ಲಿಯೇ ಆಡುನುಡಿಯ 'ಶೈಲಿಗಳು' ಎಂಬ ಬಹುವಚನವನ್ನು ಇಟ್ಟುಕೊಂಡಿದೆ. ನನಗೆ ಇದು ಸಣ್ಣ ಸಂಗತಿಯಾಗಿ ತೋರುವುದಿಲ್ಲ. ಅನಂತರ 1983ರಲ್ಲಿ ಪ್ರಕಟವಾದ ಶಿಫ್‌ಮನ್ನರ ವ್ಯಾಕರಣ ಪುನಃ ದಕ್ಷಿಣದ ವಿದ್ಯಾವಂತರ ಮಾತಿಗೆ ಮರಳಿತು. ಕಲಿಯುವವರ ಕೈಗೆ ಹೆಚ್ಚಾಗಿ ಸಿಗುವುವು ಇಂಥ ಪುಸ್ತಕಗಳೇ.

ನಮ್ಮ ಸೀಮೆಗೆ ಅತ್ಯಂತ ಸಮೀಪವಾದುದು ಮಹಾದೇವನ್ ಅವರ 'ಗುಲ್ಬರ್ಗಾ ಕನ್ನಡ', 1968ರದು. ಉಪಾಧ್ಯಾಯರು 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೂಲಕ ಪ್ರಕಟಿಸಿದ ತೌಲನಿಕ ಅಧ್ಯಯನವು ಬಳ್ಳಾರಿ, ಗುಲ್ಬರ್ಗಾ, ಕುಮಟಾ, ನಂಜನಗೂಡುಗಳ ಮಾತನ್ನು ಒಂದೆಡೆಗೆ ತಂದಿತು. ಇವು ಪರಿಶ್ರಮದ ಗ್ರಂಥಗಳು. ನನ್ನ ತಪ್ಪಿನ ಬೇರು ಎಲ್ಲಿತ್ತೆಂದು ನನಗೆ ತಿಳಿದುದೂ ಇಂಥ ಅಧ್ಯಯನಗಳ ಹಾದಿಯಲ್ಲಿ ನಡೆದಾಗಲೇ. ಆದರೂ ಎರಡು ಆಕ್ಷೇಪಗಳುಳಿಯುತ್ತವೆ. ಇವು ಭಾಷಾಶಾಸ್ತ್ರಜ್ಞರು ಭಾಷಾಶಾಸ್ತ್ರಜ್ಞರಿಗಾಗಿ ಬರೆದವು, ಕಲಿಯುವವನಿಗೆ ಎಟುಕುವುವಲ್ಲ. ಈ ಭಾಗಕ್ಕೆ ವರ್ಗವಾಗಿ ಬರುವ ಮಾಸ್ತರರು, ವೈದ್ಯರು, ತಹಶೀಲ್ದಾರರು ಇವನ್ನು ಕಂಡೂ ಇರುವುದಿಲ್ಲ. ಇನ್ನೊಂದು, ಈಶಾನ್ಯ ಭಾಗವೆಲ್ಲವನ್ನೂ ಗುಲ್ಬರ್ಗಾ ಎಂಬ ಒಂದು ಹೆಸರಿನಲ್ಲಿ ಅಡಗಿಸುವ ರೂಢಿ. ಉಮರ್ಗಾ, ನೀಲಂಗಾಗಳ ಸಂತೆಗೆ ಹೋಗಿಬರುವ ಗೋರ್ಟಾದ ರೈತನ ಮಾತಿನಲ್ಲಿ ಮರಾಠಿಯ ಪಾಲೆಷ್ಟೆಂಬುದನ್ನು ಕಲಬುರಗಿಯಲ್ಲಿ ಕುಳಿತು ಅಳೆಯಲಾಗದು. ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ಸಾಂಗ್ಲಿ ಜಿಲ್ಲೆಯ ಕುಪವಾಡದ ಕನ್ನಡ, ಮರಾಠಿ, ಉರ್ದುಗಳನ್ನು ಪರಿಶೀಲಿಸಿ, ಶಬ್ದಗಳು ಬೇರೆಯಾಗಿದ್ದರೂ ವಾಕ್ಯದ ಕಟ್ಟು ಮೂರರಲ್ಲಿಯೂ ಬಹುಮಟ್ಟಿಗೆ ಒಂದೇ ಆಗಿಬಿಟ್ಟಿದೆಯೆಂದು 1971ರಲ್ಲಿ ತೋರಿಸಿದರು. ನಮ್ಮ ಗಡಿಯ ಹಳ್ಳಿಗಳಿಗೂ ಅಂಥ ಕೆಲಸವೊಂದು ಆಗಬೇಕಾಗಿದೆ.

ಫ್ರೆಂಚ್ ದೇಶದ ಉದಾಹರಣೆಯನ್ನು ಇಲ್ಲಿ ತರುವುದಕ್ಕೆ ಕಾರಣವುಂಟು. ಒಂದೇ ಪ್ರಮಾಣಭಾಷೆಯೆಂಬ ಕಲ್ಪನೆಯನ್ನು ಅಷ್ಟು ಹಟದಿಂದ ಸಾಧಿಸಿದ ರಾಷ್ಟ್ರ ಮತ್ತೊಂದಿಲ್ಲ. ಆ ಹಟದ ಬೆಲೆಯೇನೆಂದು ಅಷ್ಟು ಶ್ರದ್ಧೆಯಿಂದ ಲೆಕ್ಕ ಹಾಕಿದ ರಾಷ್ಟ್ರವೂ ವಿರಳ. ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಪಾದ್ರಿ ಗ್ರೆಗ್ವಾರ್ ಅವರು ಪ್ರಾಂತನುಡಿಗಳನ್ನು ನಿರ್ಮೂಲಮಾಡಿ ಫ್ರೆಂಚನ್ನು ಸಾರ್ವತ್ರಿಕಗೊಳಿಸುವುದರ ಅಗತ್ಯವನ್ನು ಕುರಿತು ವರದಿ ಒಪ್ಪಿಸಿದರು. ಅವರ ಅಂದಾಜಿನಂತೆ ಫ್ರೆಂಚನ್ನು ಶುದ್ಧವಾಗಿ ಆಡಬಲ್ಲವರು 30 ಲಕ್ಷ ಮಂದಿ ಮಾತ್ರ; ಅದನ್ನು ಅರಿಯದವರೇ ಕಡಮೆಯೆಂದರೆ 60 ಲಕ್ಷ. ಆ ಭಾಷೆಯನ್ನು ಪ್ಯಾರಿಸಿನ ಪುಸ್ತಕದಿಂದ ಕಲಿತವನು ಇಂದಿಗೂ ಬೆಲ್ಜಿಯಂ, ಸ್ವಿಟ್ಸರ್ಲೆಂಡುಗಳಿಗೆ ಹೋದರೆ 70ಕ್ಕೂ 90ಕ್ಕೂ ಬೇರೆ ಶಬ್ದಗಳನ್ನೇ ಕೇಳುತ್ತಾನೆ. ಅದು ಅಂಗಡಿಯ ಲೆಕ್ಕದ ತೊಡಕು. ಅಷ್ಟಕ್ಕೇ ನಿಂತರೆ ಚಿಂತೆಯಿಲ್ಲ.

ಇತಿಹಾಸಕಾರನಿಗೆ ತಟ್ಟುವ ಉದಾಹರಣೆ ಬೇರೆ. ಲ ರೋಯ್ ಲಾದ್ಯುರಿ ಅವರು 1975ರಲ್ಲಿ ಪ್ರಕಟಿಸಿದ 'ಮೊಂತಾಯು' ಗ್ರಂಥವನ್ನು ನಮ್ಮ ಸ್ನಾತಕೋತ್ತರ ತರಗತಿಗಳಲ್ಲಿ ಆದರದಿಂದ ಹೆಸರಿಸುತ್ತೇವೆ. ಪಾಮಿಯೇಯ ಬಿಷಪ್ ಜಾಕ್ ಫೂರ್ನಿಯೇ 1318ರಿಂದ 1325ರವರೆಗೆ ನಡೆಸಿದ ಧರ್ಮವಿಚಾರಣೆಯ ದಾಖಲೆಗಳಿಂದ ಒಂದು ಪರ್ವತಗ್ರಾಮದ ಜೀವನವೆಲ್ಲವನ್ನೂ ಅವರು ಎತ್ತಿ ನಿಲ್ಲಿಸಿದ್ದಾರೆ. ಆದರೆ ಆ ಹಳ್ಳಿಗರು ಮಾತನಾಡಿದುದು ತಮ್ಮ ಆಕ್ಸಿತಾನ್ ನುಡಿಯಲ್ಲಿ. ಗುಮಾಸ್ತರು ಬರೆದುದು ಲ್ಯಾಟಿನ್ನಿನಲ್ಲಿ. ನಾವು ಓದುವುದು ಫ್ರೆಂಚಿನಲ್ಲಿ, ಅಥವಾ ಅದರ ಇಂಗ್ಲಿಷ್ ಅನುವಾದದಲ್ಲಿ. ವಿಚಾರಣಾಧಿಕಾರಿಯ ಅಧಿಕಾರವನ್ನು ಮರೆಸಿ ಆ ಮಾತುಗಳನ್ನು ರೈತರ ಸಹಜೋಕ್ತಿಯೆಂಬಂತೆ ಮುಂದಿಟ್ಟಿದ್ದಾರೆಂಬ ಆಕ್ಷೇಪವನ್ನು ರೆನಾತೋ ರೊಸಾಲ್ಡೋ ಅವರು 1986ರಲ್ಲಿಯೇ ಎತ್ತಿದ್ದಾರೆ. ಅದನ್ನು ಓದಿದಾಗ ನಾನು ತಲೆಯಾಡಿಸಿದ್ದೆ. ನನ್ನ ಚೀಲದಲ್ಲಿದ್ದ ಗೋರ್ಟಾದ ಟಿಪ್ಪಣಿಪುಸ್ತಕದಲ್ಲಿಯೂ ಹಾಗೆಯೇ ಒಬ್ಬ ಗುಮಾಸ್ತನಿದ್ದಾನೆಂಬುದು ಅಂದು ಹೊಳೆಯಲಿಲ್ಲ.

ಸ್ಥಳೀಯರ ಬಾಯಿಂದಲೇ ಕಲಿತರೆ ಎಲ್ಲವೂ ಸರಿಯಾಗುತ್ತದೆಂಬ ಸುಲಭ ಪರಿಹಾರವನ್ನೂ ನಾನು ಒಪ್ಪಲಾರೆ. ನಮ್ಮ ಹಾಸನದ ಬಳಿಯ ಸತ್ತಿಹಳ್ಳಿಯ ಹೆಸರಿನೊಡನೆ ಸೇರಿಕೊಂಡಿರುವ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯ್ ಅವರು 1799ರ ಅನಂತರ ಮೈಸೂರು ಸೀಮೆಯಲ್ಲಿ ನೆಲಸಿ, ಇಲ್ಲಿಯ ಉಡುಗೆ ಉಟ್ಟು, ಇಲ್ಲಿಯ ಊಟ ಉಂಡು, ಜನರ ನಡುವೆ ಬದುಕಿ ಅವರ ಆಚಾರಗಳನ್ನು ಬರೆದರೆಂಬುದು ಅವರ ಗ್ರಂಥದ ಖ್ಯಾತಿ. ಆ ಗ್ರಂಥದ ಬಹಳಷ್ಟು ಭಾಗವು ಅವರಿಗಿಂತ ಹಿಂದಿನ ಜೆಸುಯಿಟ್ ಪಾದ್ರಿ ಕೂರ್ದೂ ಅವರ ಬರಹದಿಂದ ಎತ್ತಿದುದೆಂದು ಸಿಲ್ವಿಯಾ ಮುರ್ ಅವರು 1987ರಲ್ಲಿ ಸಾಧಿಸಿ ತೋರಿಸಿದರು. ಎರಡು ದಶಕಗಳಿಗೆ ಮೇಲ್ಪಟ್ಟು ಜನರ ನಡುವೆ ಇದ್ದವರೂ ಬರೆಯಲು ಕುಳಿತಾಗ ಮತ್ತೊಂದು ಪುಸ್ತಕದ ಕಡೆಗೆ ಕೈಚಾಚಿದರು. ಅವರನ್ನು ಹಳಿಯುವ ಉತ್ಸಾಹ ನನಗಿಲ್ಲ, ನಾನೂ ವ್ಯಾಕರಣದ ಪುಸ್ತಕದ ಕಡೆಗೇ ಕೈಚಾಚಿದವನು.

ಇದಕ್ಕೆ ವಿರುದ್ಧವಾದ ಆದರ್ಶವೂ ಫ್ರಾನ್ಸಿನಲ್ಲಿಯೇ ಸಿಕ್ಕುತ್ತದೆ. ಜಿಲಿಯೆರೋನ್ ಅವರು ಫ್ರೆಂಚ್ ದೇಶದ ಭಾಷಾಭೂಪಟವನ್ನು ರಚಿಸಲು ಹೊರಟಾಗ, ಊರೂರು ತಿರುಗಿ ಮಾತನ್ನು ಬರೆದುಕೊಳ್ಳಲು ಆರಿಸಿಕೊಂಡುದು ವಿದ್ವಾಂಸರನ್ನಲ್ಲ, ಎದ್ಮೋನ್ ಎಂಬ ದಿನಸಿ ವ್ಯಾಪಾರಿಯನ್ನು. 1897ರಿಂದ 1901ರವರೆಗೆ ಆತ 639 ಊರುಗಳನ್ನು ಸುತ್ತಿ, ಕೇಳಿದುದನ್ನು ಕೇಳಿದಂತೆ, ಮೊದಲ ಉತ್ತರವನ್ನೇ ಬರೆದುಕೊಂಡ. ಶಾಸ್ತ್ರ ತಿಳಿದವನಾದರೆ ಕಿವಿಯನ್ನು ಬಿಟ್ಟು ಶಾಸ್ತ್ರವನ್ನು ನಂಬುವನೆಂಬುದು ಜಿಲಿಯೆರೋನರ ಎಣಿಕೆ. ಹೆಚ್ಚಿನ ಊರುಗಳಲ್ಲಿ ಒಬ್ಬನೇ ವಕ್ತೃವಿದ್ದನೆಂಬ ಕೊರತೆ ಆ ಕಾರ್ಯಕ್ಕುಂಟು. ಒಂದು ಊರಿನಲ್ಲಿ ಎಷ್ಟು ಕನ್ನಡಗಳಿರುತ್ತವೆಂಬುದನ್ನು ಕಂಡ ನಮಗೆ ಆ ಕೊರತೆ ಸಣ್ಣದೆನಿಸದು.

ಹೀಗೆಂದ ಮಾತ್ರಕ್ಕೆ ಈ ಸೀಮೆಯ ಕನ್ನಡವೇ ಬಸವಾದಿ ಶರಣರ ಕಾಲದ ಅಚ್ಚಗನ್ನಡವೆಂದು ಕೆಲವು ಅಭಿಮಾನಿಗಳು ವೇದಿಕೆಗಳಲ್ಲಿ ಹೇಳುವುದನ್ನು ಸಮರ್ಥಿಸಿದಂತಾಗದು. ಕಲ್ಯಾಣದ ಚಾಲುಕ್ಯರ ಕಾಲಕ್ಕೂ ಇಂದಿಗೂ ನಡುವೆ ಎಂಟು ನೂರು ವರ್ಷಗಳಿಗೆ ಮೇಲ್ಪಟ್ಟ ಬಹಮನಿ, ಬರೀದಶಾಹಿ, ಮೊಗಲ, ನಿಜಾಮರ ಚರಿತ್ರೆಯಿದೆ. ಅದು 'ಖರೆ', 'ಬಾಜು', 'ಜರಾ', 'ಹಪ್ತಾ'ಗಳಲ್ಲಿ ನಾಲಗೆಯ ಮೇಲೆಯೇ ಕುಳಿತಿದೆ. ಊರಿನ ಹೆಸರಿನ ಕೊನೆಯ 'ಬಿ' ಅಕ್ಷರವೂ ಹಿರಿದು ಎಂಬರ್ಥದ 'ಬುಜುರ್ಗ್' ಎಂಬ ಫಾರ್ಸಿ ಶಬ್ದದ ಕುರುಹೇ. ಅದನ್ನು ಮೈಲಿಗೆಯೆಂದು ತೊಳೆಯಹೊರಟರೆ ಚರಿತ್ರೆಯನ್ನೇ ತೊಳೆದಂತೆ. ಇದೇ ಊರುಗಳ ಮುಸಲ್ಮಾನರ ದಖ್ಖನಿಗೂ ಇದೇ ಅವಸ್ಥೆ. 15ನೆಯ ಶತಮಾನದಲ್ಲಿ ಬೀದರಿನಲ್ಲಿ 'ಕದಮ್ ರಾವ್ ಪದಮ್ ರಾವ್' ಕಾವ್ಯವನ್ನು ಹಡೆದ ನುಡಿ ಅದು. ಆದರೂ ಮರಾಠಿಯಿಂದ ಬಂದ 'ನಕ್ಕೋ' ಎಂಬ ಮಾತಿಗಾಗಿ ಲಕ್ನೋದ ಕಡೆಯವರ ನಗೆಗೆ ಗುರಿಯಾಗುತ್ತದೆ. ಒಂದೇ ಓಣಿಯ ಎರಡು ಮನೆಗಳವರು ಇಬ್ಬರು ಬೇರೆ ಬೇರೆ ಯಜಮಾನರಿಂದ ಒಂದೇ ಬಯ್ಗುಳವನ್ನು ಕೇಳಿಸಿಕೊಳ್ಳುತ್ತಿದ್ದಾರೆ.

ನನ್ನನ್ನು ಹೆಚ್ಚು ಕಳವಳಗೊಳಿಸಿದ ಸಂಗತಿ ಇನ್ನೂ ಈಚಿನದು. ಗೋರ್ಟಾದಿಂದಲೇ ಬರುವ ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳಿಗೆ ತನ್ನ ಅಜ್ಜಿಯ ನೆನಪುಗಳನ್ನು ಕೇಳಿದಂತೆ ಬರೆದು ತರಲು ಹೇಳಿದ್ದೆ. ನನ್ನ ಕಿವಿಗಿಂತ ಅವಳ ಕಿವಿ ಸಾವಿರ ಪಾಲು ನಂಬಲರ್ಹವೆಂಬುದು ನನ್ನ ಎಣಿಕೆ. ಅವಳು ತಂದ ನಲವತ್ತು ಪುಟಗಳಲ್ಲಿ ಒಂದು 'ಮನಿ' ಇರಲಿಲ್ಲ, ಒಂದು 'ಅದ' ಇರಲಿಲ್ಲ, 'ಹೋಗ್ಯಾರ' ಎಲ್ಲವೂ 'ಹೋದರು' ಆಗಿದ್ದವು. ಕೇಳಿದರೆ, 'ಬರಿಯೂವಾಗ ಶುದ್ಧ ಬರೀಬೇಕಲ್ರಿ ಸರ್' ಎಂದಳು. ಬೆಂಗಳೂರಿನಲ್ಲಿ ಅಚ್ಚಾದ ಪಠ್ಯಪುಸ್ತಕಗಳನ್ನು ಹನ್ನೆರಡು ವರ್ಷ ಓದಿದವಳ ಮಾತು ಅದು. ಗ್ರೆಗ್ವಾರರ ವರದಿಯಂಥದು ನಮ್ಮ ರಾಜ್ಯದಲ್ಲಿ ಎಂದೂ ಹೊರಬೀಳಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ.

ಆ ನಲವತ್ತು ಪುಟಗಳಲ್ಲಿ ಹತ್ತೆಂಟು ಕಡೆ 'ರಜಾಕಾರರ ಹಾವಳಿ' ಎಂಬ ಮಾತಿತ್ತು. ಧ್ವನಿಮುದ್ರಿಕೆಯನ್ನು ತರಿಸಿ ಕೇಳಿದೆವು. ಅಜ್ಜಿ ಎಲ್ಲಿಯೂ ಹಾಗೆ ಹೇಳಿರಲಿಲ್ಲ; ಅವರು ಹೇಳಿದುದು 'ಗದ್ಲ'. 'ಗದ್ಲದಾಗ ಅವರು ಹೋಗ್ಯಾರ' ಎಂಬುದು ಒಂದು ವಾಕ್ಯ. ಪುಸ್ತಕದ ಕನ್ನಡದಲ್ಲಿ ಗದ್ದಲವೆಂದರೆ ಸದ್ದು, ಗೊಂದಲ. ಆ ಅಜ್ಜಿಯ ಮಾತಿನಲ್ಲಿ ಅದು 1948ರ ಬೇಸಗೆಯ ಕೊಲೆಗಳಿಗೂ ಸಲ್ಲುತ್ತದೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯ ಹಿಂದೆಯೇ ಈ ಭಾಗದ ಮುಸಲ್ಮಾನರ ಮೇಲೆ ನಡೆದ, ಸುಂದರಲಾಲ್ ಸಮಿತಿಯು ವರದಿ ಮಾಡಿದ ಹಿಂಸೆಗೂ ಸಲ್ಲುತ್ತದೆ. ಎರಡಕ್ಕೂ ಅವರಲ್ಲಿ ಒಂದೇ ಶಬ್ದ. ಮೊಮ್ಮಗಳು ಆ ಶಬ್ದವನ್ನು ಶುದ್ಧಗೊಳಿಸಿದಾಗ, ತನಗೆ ಅರಿವಿಲ್ಲದೆಯೇ, ಹೋದವರು ಯಾರು, ಯಾರ ಭಯದಿಂದ ಹೋದರು ಎಂಬ ಪ್ರಶ್ನೆಗೂ ಉತ್ತರ ಬರೆದುಬಿಟ್ಟಿದ್ದಳು.

ಅವಳು ಮತ್ತೆ ಹೋಗಿ ಕೇಳಿಬಂದಳು. ಆ ವಾಕ್ಯದ 'ಅವರು' ಮೂರು ಮನೆಯಾಚೆ ವಾಸವಾಗಿದ್ದ ಒಬ್ಬ ಮುಸಲ್ಮಾನ ದರ್ಜಿಯ ಕುಟುಂಬ. ಬಾವಿಯ ಹತ್ತಿರ ಹೊಲಿಗೆಯಂತ್ರವನ್ನು ಬಿಟ್ಟು ಹೋಗಿದ್ದರಂತೆ. ಈಗ ಹಸ್ತಪ್ರತಿಯ ಎಡ ಪುಟದಲ್ಲಿ ಅಜ್ಜಿಯ ಮಾತು, ಬಲ ಪುಟದಲ್ಲಿ ಅವಳ ಅರ್ಥವಿವರಣೆ ಇದೆ. ನನ್ನ ಮೊದಲಿನ ಟಿಪ್ಪಣಿಗಳನ್ನೂ ಹಾಗೆಯೇ ಮರಳಿ ಬರೆಯುತ್ತಿದ್ದೇನೆ. ಅವುಗಳಲ್ಲಿ ಮೂರು ಕಡೆ ಮುದ್ರಿಕೆಯು ಕೆಟ್ಟು, '-ಆರ' ಎಂದೋ '-ಆರು' ಎಂದೋ ತಿಳಿಯದಾಗಿದೆ. ಹೇಳಿದ ಮುತ್ಯಾ ತೀರಿಕೊಂಡಿದ್ದಾರೆ. ಆ ಮೂರು ವಾಕ್ಯಗಳ ಅರ್ಥವನ್ನು ಬರೆಯದೆ, ಎದುರಿನ ಪುಟವನ್ನು ಖಾಲಿ ಬಿಟ್ಟಿದ್ದೇನೆ.